ಮನಸ್ಸಿನ ಆರೈಕೆ ಮಾಡುವವರ ಮನಸ್ಸನ್ನು ಯಾರು ನೋಡಬೇಕು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂತಹ ಊರುಗಳಲ್ಲಿ ಆಪ್ತ ಸಮಾಲೋಚಕರಾಗಿ, ಮನೋವೈದ್ಯರಾಗಿ ಅಥವಾ ಶುಶ್ರೂಷಕಿಯರಾಗಿ ಕೆಲಸ ಮಾಡುವವರಿಗೆ ಒಂದು ವಿಶೇಷ ಕಷ್ಟವಿದೆ. ಬೆಳಿಗ್ಗೆ ಎದುರಿಗೆ ಕುಳಿತು ಅತ್ತವರೇ ಸಂಜೆ ಬಸ್ ನಿಲ್ದಾಣದಲ್ಲಿಯೋ ಸಂತೆಯಲ್ಲಿಯೋ ಎದುರಾಗುತ್ತಾರೆ. ಕೇಳಿದ ಕಥೆಯನ್ನು ಮನೆಯಲ್ಲಿ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ವಿಷಯ ಗೋಪ್ಯವಾಗಿರಬೇಕೆಂದು ಹೇಳುತ್ತದೆ. ಹೀಗಾಗಿ ದಿನದ ಭಾರವೆಲ್ಲ ಒಬ್ಬರಲ್ಲೇ ಉಳಿಯುತ್ತದೆ.

ಕೆಲಸದ ಒತ್ತಡ ಎಷ್ಟು?

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ತೊಂದರೆಗಳಿದ್ದವು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಈ ಕೊರತೆ ತುಂಬಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞರ ಸೇವೆ ಸಿಗಲೆಂದು ರಾಜ್ಯ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ ಆರಂಭಿಸಿತು. ಜನರಿಗೆ ಇದು ದೊಡ್ಡ ಅನುಕೂಲ. ಆದರೆ ಬರುವವರು ಹೆಚ್ಚು, ನೋಡುವವರು ಕಡಿಮೆ. ಕೋಲಾರದ ಗಡಿ ಭಾಗದಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದುವಿನಲ್ಲಿಯೂ ನೋವನ್ನು ಕೇಳಿಸಿಕೊಳ್ಳಬೇಕಾಗುತ್ತದೆ.

ಬಳಲಿಕೆಯನ್ನು ಗುರುತಿಸುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಎಂಬುದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಅದನ್ನು ರೋಗವೆಂದು ಕರೆಯಲಿಲ್ಲ. ಅದರ ಲಕ್ಷಣಗಳು ಮೂರು:

1. ಶಕ್ತಿಯೆಲ್ಲ ಬರಿದಾದಂತಹ ದಣಿವು.
2. ಕೆಲಸದ ಬಗ್ಗೆ ಬೇಸರ, ರೋಗಿಗಳಿಂದ ಮನಸ್ಸು ದೂರವಾಗುವುದು.
3. ‘ನನ್ನಿಂದ ಯಾರಿಗೂ ಪ್ರಯೋಜನವಿಲ್ಲ’ ಎಂಬ ಭಾವನೆ.

ಎರಡನೆಯದನ್ನು ವಿಶೇಷವಾಗಿ ಗಮನಿಸಬೇಕು. ಕರುಣೆಯಿಂದ ಈ ಕೆಲಸಕ್ಕೆ ಬಂದವರು ರೋಗಿಯ ಮೇಲೆ ಸಿಡುಕತೊಡಗಿದರೆ ಅದು ಅವರ ಸ್ವಭಾವ ಕೆಟ್ಟಿತೆಂದಲ್ಲ, ದಣಿವು ಮಿತಿ ಮೀರಿದೆ ಎಂದರ್ಥ.

ವೃತ್ತಿಪರರು ಏನು ಮಾಡಬಹುದು?

• ಒಬ್ಬ ರೋಗಿ ಹೋದ ಮೇಲೆ ಮತ್ತೊಬ್ಬರನ್ನು ಕರೆಯುವ ಮೊದಲು ಎರಡು ನಿಮಿಷ ಎದ್ದು ನಡೆಯಿರಿ, ನೀರು ಕುಡಿಯಿರಿ.
• ಹಿರಿಯ ಸಹೋದ್ಯೋಗಿಯೊಂದಿಗೆ ವಾರಕ್ಕೊಮ್ಮೆಯಾದರೂ ಕಷ್ಟದ ಪ್ರಕರಣಗಳ ಬಗ್ಗೆ ಮಾತನಾಡಿ. ರೋಗಿಯ ಹೆಸರು, ಊರು ಹೇಳದೆ ಮಾತನಾಡಿದರೆ ಗೋಪ್ಯತೆಯೂ ಉಳಿಯುತ್ತದೆ, ಭಾರವೂ ಇಳಿಯುತ್ತದೆ.
• ರೋಗಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರೆ ಆ ನೋವನ್ನು ಒಬ್ಬರೇ ನುಂಗಬೇಡಿ. ಅಂದೇ ತಂಡದೊಂದಿಗೆ ಕುಳಿತು ಮಾತನಾಡಿ.
• ಸಂಜೆಯ ನಂತರ ಕರೆಗಳಿಗೆ ಒಂದು ಸಮಯ ಗೊತ್ತುಮಾಡಿ. ತುರ್ತು ಇದ್ದವರಿಗೆ ಎಲ್ಲಿ ಕೇಳಬೇಕೆಂದು ಮೊದಲೇ ತಿಳಿಸಿಡಿ.

ಇಷ್ಟರಿಂದಲೇ ಎಲ್ಲವೂ ಸರಿಹೋಗುವುದಿಲ್ಲ. ಖಾಲಿ ಹುದ್ದೆ ತುಂಬುವುದು, ರಜೆ ಕೊಡುವುದು ಸಂಸ್ಥೆಯ ಹೊಣೆ. ಅದನ್ನು ಕೇಳುವುದು ದೌರ್ಬಲ್ಯವಲ್ಲ.

ಕುಟುಂಬದವರು ಏನು ಮಾಡಬಹುದು?

ಮಗಳೋ ಸೊಸೆಯೋ ಅಣ್ಣನೋ ಈ ಕೆಲಸದಲ್ಲಿದ್ದರೆ, ‘ಇವತ್ತು ಯಾರು ಬಂದಿದ್ದರು?’ ಎಂದು ಕೇಳಬೇಡಿ. ‘ಇವತ್ತು ತುಂಬಾ ಆಯಾಸವಾಯಿತಾ?’ ಎಂದು ಕೇಳಿ. ಮನೆಗೆ ಬಂದ ಕೂಡಲೇ ನೆಂಟರ ಸಮಸ್ಯೆಗಳನ್ನು ಅವರ ಮುಂದಿಡಬೇಡಿ. ಅರ್ಧ ಗಂಟೆ ಸುಮ್ಮನಿರಲು ಬಿಡಿ. ‘ನೀನೇ ಕೌನ್ಸೆಲರ್, ನಿನಗೇನು ಚಿಂತೆ?’ ಎಂಬ ಮಾತಂತೂ ಬೇಡವೇ ಬೇಡ.

ಎರಡು ವಾರವಾದರೂ ನಿದ್ರೆ ಬಾರದೆ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದರೆ ಚಿಕಿತ್ಸೆ ಬೇಕಾಗಬಹುದು. ಬದುಕು ಬೇಡವೆಂಬ ಯೋಚನೆ ಬಂದರೆ ಎರಡು ವಾರ ಕಾಯಬಾರದು, ಕೂಡಲೇ ನೆರವು ಪಡೆಯಬೇಕು. ಜಿಲ್ಲೆಯಲ್ಲಿ ಎಲ್ಲರೂ ಪರಿಚಿತರೇ ಎಂಬ ಸಂಕೋಚವಿದ್ದರೆ ಬೇರೆ ಊರಿನ ವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ. ಈ ಸಂಖ್ಯೆಯನ್ನು ಇತರರಿಗೆ ಬರೆದುಕೊಡುವವರು ತಮಗಾಗಿಯೂ ಬಳಸಬಹುದು.