ಸೆಪ್ಟಿಕ್ ಟ್ಯಾಂಕ್ ಮರೆಯಾಗಲಿ, ಮುಚ್ಚಳ ಕೈಗೆ ಸಿಗಲಿ

ಗೃಹಪ್ರವೇಶ ಹತ್ತಿರ ಬಂದಾಗ ಅಂಗಳದ ಸೆಪ್ಟಿಕ್ ಟ್ಯಾಂಕ್ ಎಲ್ಲರ ಕಣ್ಣು ಕುಕ್ಕತೊಡಗುತ್ತದೆ. 'ಮೇಲೆ ಟೈಲ್ಸ್ ಹಾಕಿಬಿಡೋಣ ಸಾರ್' ಎನ್ನುತ್ತಾರೆ ಮೇಸ್ತ್ರಿ. ಕಾರು ನಿಲ್ಲಿಸುವ ಜಾಗದ ಅಡಿಯ ಟ್ಯಾಂಕುಗಳಲ್ಲಿ ಎಷ್ಟೋ ಹೀಗೆಯೇ ಕಣ್ಮರೆಯಾಗಿವೆ. ಮುಂದೆ ಒಂದು ದಿನ ಕಮೋಡಿನಲ್ಲಿ ನೀರು ಇಳಿಯದೆ ನಿಂತಾಗ ಮುಚ್ಚಳ ಎಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಟೈಲ್ಸ್ ಒಡೆದು ಹುಡುಕಬೇಕು.

ಟ್ಯಾಂಕಿನೊಳಗೆ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹೋಗುತ್ತದೆ. ತಳದ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ಬಿಟ್ಟರೆ ಅದು ನೀರಿನ ಜೊತೆ ಇಂಗುಗುಂಡಿಗೆ ನುಗ್ಗಿ ಅಲ್ಲಿನ ಮಣ್ಣಿನ ರಂಧ್ರಗಳನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಟ್ಯಾಂಕ್ ಖಾಲಿ ಮಾಡಿಸಿದರೂ ನೀರು ಇಂಗುವುದಿಲ್ಲ. ಎರಡು ಕೋಣೆಯ ಟ್ಯಾಂಕಾದರೆ ಎರಡರ ಮುಚ್ಚಳವೂ ತೆರೆಯುವಂತಿರಬೇಕು. ಒಂದನ್ನಷ್ಟೇ ಬಿಟ್ಟರೆ ಇನ್ನೊಂದರ ಕೆಸರು ಅಲ್ಲೇ ಉಳಿಯುತ್ತದೆ.

ಟೈಲ್ಸ್ ಬೇಕೇ ಬೇಕೆಂದರೆ ತಟ್ಟೆಯ ಹಾಗೆ ತಗ್ಗಿರುವ ಕಬ್ಬಿಣದ ಮುಚ್ಚಳ ಸಿಗುತ್ತದೆ. ರಿಸೆಸ್ಡ್ ಕವರ್ ಎಂದು ಕೇಳಿ. ಆ ತಗ್ಗಿನಲ್ಲಿ ನೆಲದ್ದೇ ಟೈಲ್ಸ್ ಕೂರಿಸಿದರೆ ತೆಳುವಾದ ಗೆರೆಯೊಂದು ಬಿಟ್ಟು ಬೇರೇನೂ ಕಾಣದು. ಈ ಉಪಾಯಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಆದರೆ ಸುತ್ತಲಿನ ಸಂದಿಗೆ ಸಿಮೆಂಟ್ ತುಂಬಲು ಬಿಡಬೇಡಿ, ರಬ್ಬರ್ ಪಟ್ಟಿ ಸಾಕು. ಮೇಲೆ ಕಾರು ಓಡಾಡುವುದಾದರೆ ಆ ಭಾರ ತಡೆಯುವ ಮುಚ್ಚಳವನ್ನೇ ಕೊಳ್ಳಿ.

ಅಂಗಳದಲ್ಲಿದ್ದರೆ ಚಕ್ರದ ಸ್ಟ್ಯಾಂಡಿನ ಮೇಲೆ ಹಗುರವಾದ ಹೂಕುಂಡಗಳನ್ನಿಡಿ. ಒಬ್ಬರೇ ಸರಿಸುವಂತಿರಬೇಕು. ಸುತ್ತ ಗರಿಕೆ ಬೆಳೆಸಬಹುದು. ತೆಂಗು, ಹಲಸು, ಬಿದಿರು ಹತ್ತಿರ ಬೇಡ. ಬೇರು ನೀರನ್ನು ಹುಡುಕಿಕೊಂಡು ಬಿರುಕಿನೊಳಗೆ ಇಳಿಯುತ್ತದೆ. ಸೊಪ್ಪು, ತರಕಾರಿಯೂ ಅಲ್ಲಿ ಬೇಡ. ತೆಳು ತಗಡು ಹಾಸಿ ಮೇಲೆ ಮಣ್ಣು ಹರಡುವುದಂತೂ ಸಲ್ಲದು. ತಗಡು ತುಕ್ಕು ಹಿಡಿದ ದಿನ ಆಡುವ ಮಗು ಒಳಗೆ ಬೀಳುತ್ತದೆ.

ಗಾಳಿಪೈಪನ್ನು ಮೋಟು ಮಾಡಬೇಡಿ. ಮನೆಯಿಂದ 15 ಮೀಟರ್ ಒಳಗಿರುವ ಟ್ಯಾಂಕಿನ ಪೈಪು ಕಟ್ಟಡದ ತುದಿಗಿಂತ 2 ಮೀಟರ್ ಮೇಲಿರಬೇಕು. ಗೋಡೆಗೆ ಒತ್ತಿ ನಿಲ್ಲಿಸಿ ಗೋಡೆಯದೇ ಬಣ್ಣ ಬಳಿದರೆ ಕಣ್ಣಿಗೆ ಬೀಳುವುದಿಲ್ಲ. ತುದಿಗೆ ಸೊಳ್ಳೆ ಜಾಲರಿ ಕಟ್ಟಿಸಿ.

ಮುಚ್ಚುವ ಮೊದಲು ಮನೆಯ ಎರಡು ಮೂಲೆಗಳಿಂದ ಮುಚ್ಚಳಕ್ಕೆ ಟೇಪು ಹಿಡಿದು ಅಳತೆ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಮನೆಪತ್ರಗಳ ಜೊತೆ ಇಡಿ. ಸಕ್ಕಿಂಗ್ ಗಾಡಿಯ ಪೈಪು ರಸ್ತೆಯಿಂದ ಅಲ್ಲಿಗೆ ತಲುಪುತ್ತದೆಯೇ ಎಂದೂ ನೋಡಿ.

ಮುಚ್ಚಳ ಕಿರಿದಾಗಿದ್ದು ಪೈಪು ತಳ ಮುಟ್ಟದಿದ್ದಾಗಲೇ 'ಒಬ್ಬರನ್ನು ಇಳಿಸೋಣ' ಎಂಬ ಮಾತು ಬರುವುದು. ಒಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಇಳಿದವರು ಕೂಗುವ ಮೊದಲೇ ಕುಸಿಯುತ್ತಾರೆ, ಎತ್ತಲು ಹೋದವರೂ ಅಲ್ಲೇ ಬೀಳುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನಾದರೂ ಟ್ಯಾಂಕಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಎಷ್ಟೇ ಕೂಲಿ ಕೊಡುವುದಾದರೂ ದಯವಿಟ್ಟು ಯಾರನ್ನೂ ಇಳಿಸಬೇಡಿ.