ಗಾಲ್ಫ್ ಆಟದಲ್ಲಿ ನಿಲುವಿನ ಮಹತ್ವ

ಗಾಲ್ಫ್ ಆಟವು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾಯಿತು. ಆದರೂ ಇದು ಸಿರಿವಂತರ ವಿನೋದವೆಂದು ಬಹುಕಾಲ ನಮ್ಮ ಗೃಹಸ್ಥರು ದೂರದಲ್ಲಿಯೇ ನಿಂತಿದ್ದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾಗಿ ನಿಂತಾಗ ಅನೇಕ ಮನೆಗಳಲ್ಲಿ ಈ ಆಟದ ಮಾತು ಕೇಳಿಬಂದಿತು. ಮಕ್ಕಳಿಗೆ ಬೆಲೆಯುಳ್ಳ ದಾಂಡುಗಳನ್ನು ಕೊಡಿಸಲೆಳಸುವ ತಾಯಿತಂದೆಗಳಲ್ಲಿ ನಮ್ಮದೊಂದು ಅರಿಕೆಯುಂಟು: ದಾಂಡಿಗಿಂತ ಮೊದಲು ನಿಲುವನ್ನು ಸಂಪಾದಿಸತಕ್ಕದ್ದು. ಅದಕ್ಕೆ ಕಾಸಿನ ವೆಚ್ಚವೂ ಇಲ್ಲ.

ದಾಂಡನ್ನು ಹಿಂದಕ್ಕೆತ್ತಿ ಚೆಂಡಿಗೆ ತಾಗಿಸುವ ಕ್ರಿಯೆಯೆಲ್ಲವೂ 2 ಸೆಕೆಂಡುಗಳೊಳಗೆ ಮುಗಿದುಹೋಗುವುದು. ಅಷ್ಟರಲ್ಲಿ ತಪ್ಪನ್ನರಿತು ತಿದ್ದಿಕೊಳ್ಳಲು ನಿಪುಣನಿಗೂ ಅವಕಾಶವಿಲ್ಲ. ಚೆಂಡು ಹೊರಡುವ ದಿಕ್ಕು ಒಂದು ಡಿಗ್ರಿಯಷ್ಟು ತಪ್ಪಿದರೂ 200 ಗಜ ಹೋಗುವಷ್ಟರಲ್ಲಿ ಅದು ಸುಮಾರು 3.5 ಗಜ ಪಕ್ಕಕ್ಕೆ ಸರಿದಿರುವುದು. ಕುಳಿಯ ಅಗಲವಾದರೋ 4.25 ಅಂಗುಲ ಮಾತ್ರ. ಅಮೆರಿಕದ ಬೆನ್ ಹೋಗನ್ ಮಹಾಶಯರು 1957ರಲ್ಲಿ ಪ್ರಕಟಿಸಿದ ಐದು ಪಾಠಗಳ ಗ್ರಂಥದಲ್ಲಿ ಮೊದಲನೆಯ ಪಾಠವನ್ನು ಹಿಡಿತಕ್ಕೂ ಎರಡನೆಯದನ್ನು ನಿಲುವಿಗೂ ಮೀಸಲಿಟ್ಟು, ಆಮೇಲೆ ಹೊಡೆತದ ವಿಷಯವನ್ನೆತ್ತಿಕೊಂಡರು. ನಮ್ಮ ಧನುರ್ವೇದವೂ ಸಮಪಾದ, ವೈಶಾಖ, ಆಲೀಢ, ಪ್ರತ್ಯಾಲೀಢ ಮೊದಲಾದ ನಿಲುವುಗಳನ್ನು ಬಿಲ್ಗಾರನಿಗೆ ವಿಧಿಸಿರುವುದನ್ನು ವಾಚಕರು ಬಲ್ಲರು.

ಇನ್ನು ಬಲಗೈಯಾಟಗಾರನ ನಿಲುವಿನ ಕ್ರಮವನ್ನು ಹೇಳುವೆವು. ಎಡಗೈ ಮೇಲೆ, ಬಲಗೈ ಕೆಳಗೆ ಬರುವಂತೆ ದಾಂಡನ್ನು ಹಿಡಿಯಬೇಕು. ಮುಷ್ಟಿ ಬಿಗಿದರೆ ತೋಳೂ ಬಿಗಿಯುವುದು. ಪಾದಗಳ ನಡುವೆ ಹೆಗಲಿನಗಲದಷ್ಟು ಅಂತರವಿರಲಿ. ಉದ್ದನೆಯ ದಾಂಡಿಗೆ ತುಸು ಹೆಚ್ಚು, ಗಿಡ್ಡದಕ್ಕೆ ತುಸು ಕಡಮೆ. ಮೊಣಕಾಲುಗಳು ಸ್ವಲ್ಪವೇ ಮಡಿಯಲಿ. ದೇಹದ ಭಾರವು ಹಿಮ್ಮಡಿಯ ಮೇಲಾಗಲಿ ಬೆರಳುಗಳ ಮೇಲಾಗಲಿ ಬೀಳದೆ, ಎರಡು ಪಾದಗಳ ನಡುಭಾಗದಲ್ಲಿ ಸಮನಾಗಿ ನಿಲ್ಲಬೇಕು. ತೋಳುಗಳು ಹೆಗಲಿನಿಂದ ಸಹಜವಾಗಿ ಜೋಲಾಡಲಿ. ಗಿಡ್ಡ ದಾಂಡಿನ ಹೊಡೆತಕ್ಕೆ ಚೆಂಡು ಪಾದಗಳ ನಡುವಿನ ನೇರದಲ್ಲಿಯೂ, ಅತ್ಯಂತ ಉದ್ದನೆಯದಕ್ಕೆ ಎಡಹಿಮ್ಮಡಿಯ ಒಳಬದಿಯ ನೇರದಲ್ಲಿಯೂ ಇರತಕ್ಕದ್ದು. ಪಾದಗಳ ಸಾಲು ಗುರಿಯನ್ನೇ ನೋಡಬಾರದು. ಚೆಂಡಿನಿಂದ ಗುರಿಗೆಳೆದ ಗೆರೆಗೆ ಸಮಾನಾಂತರವಾಗಿರಬೇಕು. ನೆಲದ ಮೇಲೆ ಎರಡು ಕೋಲುಗಳನ್ನಿಟ್ಟು ನೋಡಿದರೆ ಇದು ಸ್ಪಷ್ಟವಾಗುವುದು.

ಎಲ್ಲಕ್ಕಿಂತ ಮುಖ್ಯವಾದುದು ಬಾಗುವ ಬಗೆ. ಹೊಸಬರು ಬೆನ್ನನ್ನು ಗೂನುಮಾಡಿ ಚೆಂಡಿನತ್ತ ಬಗ್ಗುವರು. ಬೆನ್ನನ್ನು ನೆಟ್ಟಗಿರಿಸಿ, ತೊಡೆಯು ಮುಂಡವನ್ನು ಸೇರುವ ಕೀಲಿನಲ್ಲಿ ಬಾಗಬೇಕು. ಗೂನುಬೆನ್ನಿನಿಂದ ಮೈ ಸರಿಯಾಗಿ ತಿರುಗದು. ಬಲವಂತದಿಂದ ತಿರುಗಿಸಿದರೆ ಸೊಂಟಕ್ಕೆ ಕೇಡು. ಈ ಆಟದವರಿಗೆ ಸೊಂಟದ ನೋವು ಬಹು ಸಾಮಾನ್ಯವಾದುದರಿಂದ, ನಡುವಯಸ್ಸು ದಾಟಿ ಆಟಕ್ಕಿಳಿಯುವ ಗೃಹಸ್ಥರು ಇದನ್ನು ಅವಶ್ಯವಾಗಿ ಗಮನಿಸಬೇಕು.

ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಉದ್ದನೆಯ ಕೋಲೊಂದನ್ನು ತಲೆಯ ಹಿಂಬದಿ, ಬೆನ್ನಿನ ಮೇಲ್ಭಾಗ, ಬೆನ್ನೆಲುಬಿನ ತುದಿ, ಈ ಮೂರಕ್ಕೂ ತಾಗುವಂತೆ ಹಿಡಿದು ಬಾಗಿ ನೋಡಿರಿ. ಮೂರರಲ್ಲಿ ಒಂದು ಬಿಟ್ಟುಹೋದರೂ ಬೆನ್ನು ಗೂನಾಯಿತೆಂದು ತಿಳಿಯತಕ್ಕದ್ದು. ಬಾಲಕನ ಅಕ್ಷರ ವಕ್ರವಾದರೆ ಲೇಖನಿಯನ್ನು ಬದಲಿಸುವ ಮೊದಲು ಅವನು ಕುಳಿತ ಬಗೆಯನ್ನು ತಿದ್ದುವುದು ಉಪಾಧ್ಯಾಯರ ಪದ್ಧತಿ. ಇಲ್ಲಿಯೂ ಹಾಗೆಯೇ. ಅಂಗಡಿಗೆ ಹೋಗುವ ಮುನ್ನ ಒಂದು ತಿಂಗಳು ಕನ್ನಡಿಯ ಮುಂದೆ ಈ ಅಭ್ಯಾಸ ನಡೆಯಲಿ.