ಹಳೆಯ ಬಿಲ್ಲಿನ ಒಂದು ಅಂಕಿ: ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಕಾಪಿಡುವ ಬಗೆ



ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಮ್ಮ ಮಡಿಕೇರಿಯಲ್ಲಿ ಬೂಷ್ಟು ಹಿಡಿಯದ ಕಾಗದವಿಲ್ಲ. ಅದಕ್ಕಾಗಿಯೇ ನಮ್ಮಲ್ಲಿ ಅನೇಕರು ಇಪ್ಪತ್ತು ವರ್ಷಗಳ ಹಿಂದೆಯೇ ಲೆಕ್ಕಪತ್ರಗಳನ್ನು ಸ್ಕ್ಯಾನ್ ಮಾಡಿಸಿ ನಿಶ್ಚಿಂತರಾದರು. ಆ ನಿಶ್ಚಿಂತೆ ಎಷ್ಟು ದುರ್ಬಲವಾದುದೆಂಬುದನ್ನು ನನ್ನದೇ ಕಚೇರಿಯ ತಪ್ಪೊಂದರಿಂದ ಕಲಿತೆ. ಅದನ್ನು ಮುಚ್ಚಿಡದೆ ಹೇಳುವುದೇ ಈ ಲೇಖನದ ಉದ್ದೇಶ.

ಮೂರೋ, ಎಂಟೋ?

ಕರಿಮೆಣಸಿನ ವ್ಯಾಪಾರಿಯಾದ ನನ್ನ ಕಕ್ಷಿದಾರರೊಬ್ಬರು 2003-04ರಲ್ಲಿ ಗೋದಾಮೊಂದನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಕಬ್ಬಿಣ, ಸಿಮೆಂಟು, ಹೆಂಚು, ಕೂಲಿಯ ರಸೀದಿಗಳನ್ನೆಲ್ಲ 2005ರಲ್ಲಿ ನಮ್ಮ ಕಚೇರಿಯಲ್ಲೇ ಸ್ಕ್ಯಾನ್ ಮಾಡಿ ಬಿಎಂಪಿ ಫೈಲುಗಳಾಗಿ ಸಿ.ಡಿ.ಗಳಲ್ಲಿ ಇರಿಸಿದ್ದೆವು. ಕೆಲವು ವರ್ಷಗಳ ಅನಂತರ, ಜಾಗ ಉಳಿಸುವ ಸಲುವಾಗಿ, ಅವನ್ನು ಚಿಕ್ಕ ಜೆಪೆಗ್ ಫೈಲುಗಳಾಗಿ ಮಾರ್ಪಡಿಸಿ ಗಣಕಯಂತ್ರದಲ್ಲಿ ಇಟ್ಟುಕೊಂಡು ಸಿ.ಡಿ.ಗಳನ್ನು ಮರೆತೆವು. ಹಾಗೆ ಮಾಡಲು ಸೂಚಿಸಿದವನು ನಾನೇ.

2018ರ ಆಗಸ್ಟ್ ತಿಂಗಳ ಅತಿವೃಷ್ಟಿ ಹಾಗೂ ಭೂಕುಸಿತದ ಸಂದರ್ಭದಲ್ಲಿ ಕಕ್ಷಿದಾರರ ಮನೆಯೊಳಗೆ ಕೆಸರು ನುಗ್ಗಿ ಮೂಲ ಕಾಗದಗಳೆಲ್ಲ ನಾಶವಾದವು. 2021-22ರಲ್ಲಿ ಗೋದಾಮು ಮಾರಾಟವಾಯಿತು. ಬಂಡವಾಳ ಲಾಭದ ಲೆಕ್ಕಕ್ಕೆ ಕುಳಿತಾಗ ಒಂದು ಬಿಲ್ಲಿನ ಮೊತ್ತ 34,600 ರೂಪಾಯಿಯೋ 84,600 ರೂಪಾಯಿಯೋ ತಿಳಿಯದಾಯಿತು. "ಸಾರ್, ನಾನು ಕೊಟ್ಟ ಬಿಲ್ಲಿನಲ್ಲಿ ಅಂಕಿ ಸ್ಪಷ್ಟವಾಗಿತ್ತಲ್ಲ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಒಂದು ಅಂಕಿಯ ಬೆಲೆಯನ್ನು ಗಮನಿಸಿ. ವ್ಯತ್ಯಾಸ 50,000 ರೂ. ವೆಚ್ಚ ಹಣದುಬ್ಬರ ಸೂಚ್ಯಂಕವು 2003-04ಕ್ಕೆ 109, 2021-22ಕ್ಕೆ 317. ಅಂದಿನ ನಿಯಮದಂತೆ ಆ 50,000 ರೂ. ಸುಮಾರು 1,45,400 ರೂ. ಆಗುತ್ತದೆ. ಶೇಕಡಾ 20ರ ದರದಲ್ಲಿ ತೆರಿಗೆಯ ವ್ಯತ್ಯಾಸವೇ ಸುಮಾರು 29,000 ರೂ. ಅಂತಹ ಮಸುಕಾದ ಬಿಲ್ಲುಗಳು ಹನ್ನೊಂದು ಇದ್ದವು!

ದೋಷ ಎಲ್ಲಿತ್ತು?

ಬಿಎಂಪಿ ಎಂಬುದು ಚಿತ್ರದ ಪ್ರತಿಯೊಂದು ಬಿಂದುವನ್ನೂ ಸಾಮಾನ್ಯವಾಗಿ ಯಾವುದೇ ಸಂಕೋಚನವಿಲ್ಲದೆ ಇದ್ದಂತೆಯೇ ಬರೆದಿಡುವ ಮಾದರಿ. ಎ-4 ಹಾಳೆಯೊಂದನ್ನು ಅಂಗುಲಕ್ಕೆ 300 ಬಿಂದುಗಳಂತೆ ವರ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 × 3508 ಬಿಂದುಗಳು, ಬಿಂದುವಿಗೆ 3 ಬೈಟ್, ಒಟ್ಟು ಸುಮಾರು 26 ಎಂ.ಬಿ. 700 ಎಂ.ಬಿ.ಯ ಸಿ.ಡಿ.ಯಲ್ಲಿ ಹಿಡಿಯುತ್ತಿದ್ದುದು 26 ಹಾಳೆ ಮಾತ್ರ. ಜಾಗದ ಚಿಂತೆ ಅಂದು ಸಹಜವೇ ಆಗಿತ್ತು.

ಆದರೆ ಜೆಪೆಗ್ ಮಾದರಿಯು ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದೆಂದು ಭಾವಿಸಿದ ವಿವರಗಳನ್ನು ತೆಗೆದುಹಾಕುತ್ತದೆ. ಕಾಫಿ ಹೂವಿನ ಛಾಯಾಚಿತ್ರಕ್ಕೆ ಇದರಿಂದ ಬಾಧಕವಿಲ್ಲ. ಕಾರ್ಬನ್ ಪ್ರತಿಯ ತೆಳುವಾದ ಅಂಕಿಗೆ ಮಾತ್ರ ಇದು ಮಾರಕ. ಪ್ರತಿಬಾರಿ ತೆರೆದು ತಿದ್ದಿ ಉಳಿಸಿದಾಗಲೂ ನಷ್ಟ ಹೆಚ್ಚುತ್ತದೆ. ಕಳೆದುಹೋದ ವಿವರವನ್ನು ಮುಂದೆ ಯಾವ ಮಾರ್ಪಾಡಿನಿಂದಲೂ ಮರಳಿ ಪಡೆಯಲಾಗದು.

ಟಿಫ್ ಏಕೆ?

ಆಲ್ಡಸ್ ಸಂಸ್ಥೆ 1986ರಲ್ಲಿ ರೂಪಿಸಿದ ಟಿಫ್ ಮಾದರಿಯ ಆರನೆಯ ಪರಿಷ್ಕರಣೆ 1992ರದು. 1994ರಲ್ಲಿ ಆಲ್ಡಸ್ ಅಡೋಬಿಯೊಡನೆ ವಿಲೀನವಾಯಿತು. ಇದರ ವಿವರಣೆ ಬಹಿರಂಗವಾಗಿ ಲಭ್ಯವಿರುವುದರಿಂದ ಒಂದೇ ಕಂಪನಿಯ ತಂತ್ರಾಂಶವನ್ನು ನಂಬಿ ಕೂರಬೇಕಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಂತಹ ಗ್ರಂಥಾಲಯಗಳೂ ಪತ್ರಾಗಾರಗಳೂ ಮೂಲಪ್ರತಿಯ ಸಂರಕ್ಷಣೆಗೆ ಇದನ್ನೇ ಬಳಸುತ್ತ ಬಂದಿವೆ. ಅನೇಕ ಪುಟಗಳನ್ನು ಒಂದೇ ಫೈಲಿನಲ್ಲಿ ಇರಿಸಬಹುದು. ದಿನಾಂಕ, ವಿವರಣೆಗಳನ್ನೂ ಒಳಗೇ ಬರೆದಿಡಬಹುದು. ಎಲ್‌ಝಡ್‌ಡಬ್ಲ್ಯೂ ಸಂಕೋಚನದಿಂದ ಒಂದು ಬಿಂದುವೂ ನಷ್ಟವಾಗದೆ ಗಾತ್ರ ಇಳಿಯಬಲ್ಲದು. ಇದರ ಮೇಲಿದ್ದ ಪೇಟೆಂಟ್ ಅಮೆರಿಕದಲ್ಲಿ 2003ರಲ್ಲೇ ಮುಗಿದಿದೆ.

ಮಾರ್ಪಾಡಿನ ಕ್ರಮ

1. ಮೊದಲು ಸಿ.ಡಿ.ಯ ಬಿಎಂಪಿ ಫೈಲುಗಳನ್ನು ಇದ್ದಂತೆಯೇ ಹಾರ್ಡ್ ಡಿಸ್ಕಿಗೆ ನಕಲಿಸಿರಿ. ಮೂಲವನ್ನು ಮುಟ್ಟಬೇಡಿರಿ.

2. ಗಿಂಪ್, ಇಮೇಜ್‌ಮ್ಯಾಜಿಕ್ ಉಚಿತ ತಂತ್ರಾಂಶಗಳು. ನೂರಾರು ಫೈಲುಗಳನ್ನು ಒಮ್ಮೆಗೇ ಮಾರ್ಪಡಿಸಲು ಎರಡನೆಯದು ಅನುಕೂಲ. ಇರ್ಫಾನ್‌ವ್ಯೂ ಸುಲಭವಾದುದಾದರೂ ವಾಣಿಜ್ಯ ಬಳಕೆಗೆ ಪರವಾನಗಿ ಕೊಳ್ಳಬೇಕು.

3. ಸಂಕೋಚನದ ಆಯ್ಕೆಯಲ್ಲಿ 'ಇಲ್ಲ' ಅಥವಾ 'ಎಲ್‌ಝಡ್‌ಡಬ್ಲ್ಯೂ' ಆರಿಸಿರಿ. ಟಿಫ್ ಒಳಗೂ ಜೆಪೆಗ್ ಸಂಕೋಚನದ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ಹೆಸರು ಟಿಫ್ ಆದರೂ ನಷ್ಟ ತಪ್ಪದು.

4. ಬರಿಯ ಕಪ್ಪು-ಬಿಳುಪಿಗೆ ಇಳಿಸಬೇಡಿರಿ. ಬಣ್ಣದ ಮೊಹರು, ಮಸುಕಾದ ಸಹಿ ಅಳಿಸಿಹೋಗುತ್ತವೆ.

5. ಅಗಲ, ಎತ್ತರಗಳ ಬಿಂದುಸಂಖ್ಯೆ ಮೊದಲಿನಷ್ಟೇ ಇದೆಯೇ ನೋಡಿರಿ. ಬಿಎಂಪಿಯಲ್ಲಿ ಸಾಂದ್ರತೆಯು ಮೀಟರಿನ ಲೆಕ್ಕದಲ್ಲಿರುತ್ತದೆ. 11,811 ಎಂದಿದ್ದರೆ ಅದು ಅಂಗುಲಕ್ಕೆ 300.

6. ಯಾವ ಫೈಲನ್ನು ಯಾರು, ಎಂದು ಮಾರ್ಪಡಿಸಿದರೆಂಬ ಪುಸ್ತಕವಿಡಿರಿ. ಪ್ರತಿ ಫೈಲಿನ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಿರಿ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆದೇಶದಿಂದ ಇದನ್ನು ಪಡೆಯಬಹುದು. ಬಿಎಂಪಿಯ ಹ್ಯಾಶ್ ಬೇರೆ, ಟಿಫ್‌ನ ಹ್ಯಾಶ್ ಬೇರೆ. ಎರಡನ್ನೂ ಬರೆದಿಡಿರಿ.

7. ಎರಡು ಪ್ರತಿ ಮಾಡಿ, ಒಂದನ್ನು ಊರಿನಾಚೆ ಇರಿಸಿರಿ. 2018 ಕಲಿಸಿದ ಪಾಠವಿದು.

ಕಾನೂನು ಏನನ್ನುತ್ತದೆ?

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯು ಮೂಲ ಮಾದರಿಯಲ್ಲಿರಬೇಕು, ಇಲ್ಲವೇ ಮೂಲ ಮಾಹಿತಿಯನ್ನು ನಿಖರವಾಗಿ ಪ್ರತಿನಿಧಿಸುತ್ತದೆಂದು ತೋರಿಸಬಲ್ಲ ಮಾದರಿಯಲ್ಲಿರಬೇಕು. ಮಾರ್ಪಾಡಿನ ಪುಸ್ತಕ ನೆರವಿಗೆ ಬರುವುದು ಇಲ್ಲಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಡಿ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯಕ್ಕೂ ಸ್ಥಾನವಿದೆ. ಹಾಗೆಂದು ಸ್ಕ್ಯಾನ್ ಆಯಿತೆಂದು ಕ್ರಯಪತ್ರ, ಉಯಿಲು, ಪಾಲುದಾರಿಕೆ ಕರಾರುಗಳ ಮೂಲವನ್ನು ಎಸೆಯುವುದು ಆತ್ಮಘಾತಕ.

ಕಂಪನಿಗಳು ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷ ಇಡಬೇಕು. ಜಿ.ಎಸ್.ಟಿ. ದಾಖಲೆಗಳನ್ನು ವಾರ್ಷಿಕ ವಿವರಪಟ್ಟಿಯ ಕಡೆಯ ದಿನಾಂಕದಿಂದ 72 ತಿಂಗಳು ಇಡಬೇಕು. ಆದರೆ ಇವು ಕನಿಷ್ಠ ಅವಧಿಗಳಷ್ಟೆ. ಗೋದಾಮಿನ ಬಿಲ್ಲು ಬೇಕಾದದ್ದು ಹದಿನೆಂಟು ವರ್ಷಗಳ ಅನಂತರ! ಕಟ್ಟಡ, ನಿವೇಶನಗಳ ದಾಖಲೆಗೆ ಆಸ್ತಿ ಇರುವಷ್ಟು ಕಾಲವೂ, ಮಾರಿದ ಮೇಲೆ ತೆರಿಗೆ ನಿರ್ಧರಣೆ ಮುಗಿಯುವವರೆಗೂ ಆಯುಷ್ಯವಿರಬೇಕು.

ಕೊನೆಯ ಮಾತು

ನಮ್ಮ ಗೋದಾಮಿನ ಕತೆ ಏನಾಯಿತು? ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಸಿ.ಡಿ.ಗಳು ದೊರೆತವು. ಹೆಚ್ಚಿನವು ಬೂಷ್ಟು ಹಿಡಿದು ಓದದಾಗಿದ್ದವು. ಒಂದು ಮಾತ್ರ ತೆರೆಯಿತು. ಅದರಲ್ಲಿ ನಾಲ್ಕು ಬಿಲ್ಲುಗಳ ಬಿಎಂಪಿ ಸುರಕ್ಷಿತವಾಗಿತ್ತು. ಅಂಕಿ ಎಂಟು ಎಂಬುದು ನಿಚ್ಚಳವಾಗಿ ಕಂಡಿತು. ಆ ನಾಲ್ಕನ್ನು ಅಂದೇ ಟಿಫ್‌ಗೆ ಮಾರ್ಪಡಿಸಿದೆವು. ಉಳಿದ ಏಳು ಬಿಲ್ಲುಗಳಲ್ಲಿ ಕಡಿಮೆ ಮೊತ್ತವನ್ನೇ ಒಪ್ಪಿಕೊಳ್ಳಬೇಕಾಯಿತು. ಆ ವರ್ಷದ ಶುಲ್ಕವನ್ನು ನಾನು ಪಡೆಯಲಿಲ್ಲ. ಆದರೂ ಅವರ ನಷ್ಟ ತುಂಬಿತೆಂದು ಹೇಳಲಾರೆ.

26 ಎಂ.ಬಿ. ಅಂದು ದೊಡ್ಡದಾಗಿತ್ತು. ಇಂದು ಒಂದು ಟಿ.ಬಿ.ಯ ಡಿಸ್ಕಿನಲ್ಲಿ ಅಂತಹ 38,000 ಹಾಳೆಗಳು ಹಿಡಿಯುತ್ತವೆ. ಆದುದರಿಂದ ಮುಂದಿನ ಮಳೆಗಾಲಕ್ಕೆ ಮುನ್ನ ತಮ್ಮ ಅಟ್ಟದ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ.